ಪ್ಲಗ್ ತೂತಿನ ಮೇಲಿನ ಹೆಬ್ಬೆರಳು

ಈಗಲೂ ಸೀಮೆಎಣ್ಣೆಯ ವಾಸನೆ ಬಡಿದರೆ ನನ್ನ ಹೆಬ್ಬೆರಳು ತಾನಾಗಿ ಮುಷ್ಟಿಯೊಳಗೆ ಸೇರಿಕೊಳ್ಳುತ್ತದೆ.

ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಜನರನ್ನು ಸಾಗಿಸಿ ನಮ್ಮ ಹೊಟ್ಟೆ ಹೊರೆಯುತ್ತಿದ್ದ ಅಪ್ಪನ ವ್ಯಾನು ಅಂದು ರಿಪೇರಿಗೆಂದು ಮನೆಯ ಮುಂದೆ ನಿಂತಿತ್ತು. ಬೆಳಗಿನಿಂದ ಸೀಮೆಎಣ್ಣೆ ಹುಯ್ದರೂ ಎಂಜಿನ್ನಿನ ಬೆಲ್ಟು ತಿರುಗಿಸುವ ಗಾಲಿಯ, ಅಂದರೆ ಕ್ರ್ಯಾಂಕ್ ಪುಲ್ಲಿಯ, ತುಕ್ಕು ಹಿಡಿದ ಬೋಲ್ಟು ಬಿಟ್ಟಿರಲಿಲ್ಲ. ಸ್ಪ್ಯಾನರ್ ಹಾಕಿದರೆ ಎಂಜಿನ್ನೇ ತಿರುಗುತ್ತಿತ್ತು. ಅದನ್ನು ತಡೆಯಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಳಗಿನ ಪಿಸ್ಟನ್ ಮೇಲೇರದೆ ಸಿಕ್ಕಿಕೊಳ್ಳುವಂತೆ ಆ ತೂತಿನೊಳಗೆ ನೂಲಿನ ಹಗ್ಗ ತುಂಬಬೇಕಿತ್ತು.

"ತೂತಿನ ಮೇಲೆ ಬೆರಳಿಡಮ್ಮ. ಗಾಳಿ ಜೋರಾಗಿ ತಳ್ಳಿದ್ರೆ ಹೇಳು, ಆಗ ಗಾಳಿ ಬಂದುಹೋಗೋ ವಾಲ್ವೆರಡೂ ಮುಚ್ಚಿರ್ತವೆ," ಎಂದರು ಅಪ್ಪ, ಎಂಜಿನ್ ನಿಧಾನವಾಗಿ ತಿರುಗಿಸುತ್ತಾ.

"ತೆರೆದಿದ್ರೆ ಹಗ್ಗ ಒತ್ತಿ ವಾಲ್ವು ಬಗ್ಗೋಗ್ತದೆ ಕಣಮ್ಮ, ಸರಿಯಾಗಿ ನೋಡ್ಕೊಂಡು ಹೇಳು," ಎಂದರು ಪಕ್ಕದಲ್ಲಿ ಕೂತಿದ್ದ ತಾತ.

ಬಿಸಿಲಿಗೆ ಕಬ್ಬಿಣ ಸುಡುತ್ತಿತ್ತು. ಅಪ್ಪ ಮೂರನೆಯ ಸಲ "ಬಂತಾ?" ಎಂದು ಗದರಿದಾಗಲೂ ಬೆರಳಿಗೆ ಏನೂ ತಗುಲಿರಲಿಲ್ಲ.

"ಹೂಂ," ಎಂದೆ.

ಹಗ್ಗ ಒಳಗಿಳಿಯಿತು. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಅಪ್ಪ ಮೈಭಾರ ಬಿಟ್ಟರು. ಒಳಗೆಲ್ಲೋ ಕಡ್ಡಿ ಮುರಿದಂಥ ಸಣ್ಣ ಸದ್ದಾಯಿತು. ಮರುಕ್ಷಣ ಬೋಲ್ಟು ಸಡಿಲವಾಯಿತು.

"ನನ್ ಬಂಗಾರ!" ಎಂದು ಅಪ್ಪ ಗ್ರೀಸಿನ ಕೈಯಲ್ಲೇ ನನ್ನ ಕೆನ್ನೆ ಹಿಂಡಿದರು.

ತಾತ ನಗಲಿಲ್ಲ. "ಎಲ್ಲಾ ಜೋಡಿಸಿ ಸ್ಟಾರ್ಟ್ ಮಾಡಪ್ಪ, ಆಮೇಲೆ ಹೊಗಳೀಯಂತೆ," ಎಂದರು, ನನ್ನ ಹೆಬ್ಬೆರಳಿನಿಂದ ಕಣ್ಣು ತೆಗೆಯದೆ.