ದೊರೆಯನ್ನು ಪಾಸು ಮಾಡಿಸಿದ್ದು

ಬಡಗಿಯ ಮಗ ಮಂಡಿಯೂರಿ ಹೊಸಬನ ತಲೆಗೆ ಕಿರೀಟ ಇಟ್ಟ. ಮಂತ್ರಿಯ ಪಾತ್ರಕ್ಕೆ ಇದ್ದದ್ದೇ ಅಷ್ಟು ಕೆಲಸ. ಕಿರೀಟ ಹೇಳಿ ಮಾಡಿಸಿದಂತೆ ಕೂತಿತು. ಹಿಂದಿನ ಎರಡು ವರ್ಷ ಅದು ಬಡಗಿಯ ಮಗನ ಕಿವಿಯವರೆಗೂ ಇಳಿಯುತ್ತಿತ್ತು. ಒಳಗೆ ಹಳೇ ಬಟ್ಟೆ ತುರುಕಿಕೊಳ್ಳಬೇಕಿತ್ತು. ಆದರೂ ಅದು ತನ್ನದಾಗಿತ್ತು.

ಹೊಸಬ ಬಾಯಿ ತೆರೆದ. ಮೈದಾನದ ಆಚೆ ಮೇಯುತ್ತಿದ್ದ ಕತ್ತೆಯೂ ತಲೆ ಎತ್ತಿ ಕೇಳಿತು. ಚಪ್ಪಾಳೆಯೋ ಚಪ್ಪಾಳೆ. ಬಡಗಿಯ ಮಗನ ಹೊಟ್ಟೆಗೆ ಯಾರೋ ಕೆಂಡ ಸುರಿದಂತಾಯಿತು.

ಆ ಶಾಲೆಯಲ್ಲಿ ನಾಟಕ ಕೊನೇ ತರಗತಿಯವರ ಹಕ್ಕು. ವರ್ಷಕ್ಕೊಂದೇ ನಾಟಕ, ಅದಕ್ಕೊಬ್ಬನೇ ದೊರೆ. ವೇದಿಕೆ ಇಳಿದ ಮೇಲೂ ಅವನು ವರ್ಷವಿಡೀ ದೊರೆಯೇ. ಅವನು ನೀರು ಕುಡಿಯಲು ಬಂದರೆ ಚಿಕ್ಕ ತರಗತಿಯವರು ನಲ್ಲಿ ಬಿಟ್ಟು ಸರಿಯಬೇಕು. ಜವಾನ ಕೂಡ "ದೊರೆಗಳು ಬಂದ್ರಾ?" ಎಂದು ವಿಚಾರಿಸಿಯೇ ಗಂಟೆ ಹೊಡೆಯುತ್ತಿದ್ದ. ಮನೆಯಲ್ಲಿ ಅಪ್ಪನಿಂದ "ಲೋ ಕೊರಡೇ" ಎನಿಸಿಕೊಳ್ಳುವ ಹುಡುಗನಿಗೆ ಇದು ಸಣ್ಣ ಸಂಗತಿಯಲ್ಲ. ದೊರೆತನ ಎರಡು ವರ್ಷ ಅವನ ಹತ್ತಿರವೇ ಉಳಿದದ್ದಕ್ಕೆ ಕಾರಣ ಸರಳ: ಅವನೂ ಕೊನೇ ತರಗತಿಯಲ್ಲೇ ಉಳಿದಿದ್ದ. ಬೇರೆ ವಿಷಯಗಳನ್ನು ಹೇಗೋ ದಾಟುತ್ತಿದ್ದ. ಲೆಕ್ಕದಲ್ಲಿ ಮಾತ್ರ ಎಷ್ಟು ಕೈಕಾಲು ಬಡಿದರೂ ನೂರಕ್ಕೆ ಹನ್ನೊಂದು.

ಈ ಮೂರನೇ ವರ್ಷ ಅಂಚೆಕಚೇರಿಗೆ ಹೊಸ ಪೋಸ್ಟ್‌ಮಾಸ್ಟರ್ ಬಂದರು. ಅವರ ಜೊತೆ ಮಗ ಬಂದ. ಮಗನ ಜೊತೆ ಆ ಗಂಟಲು ಬಂತು.

ನಾಟಕ ಮುಗಿದ ಮೇಲೆ ಹೊಸಬನೇ ಬಂದು, ಮುಖದ ಬಣ್ಣ ಒರೆಸಿಕೊಳ್ಳುತ್ತ ಪಕ್ಕದಲ್ಲಿ ಕೂತ.

"ಅಣ್ಣಾ, ನೀನು ಎರಡು ವರ್ಷ ದೊರೆ ಆಗಿದ್ಯಂತೆ. ಹೇಗೆ?"

"ಫೇಲಾಗಿ."

"ಎಲ್ಲದರಲ್ಲೂನಾ?"

"ಒಂದರಲ್ಲಿ ಆದ್ರೆ ಸಾಕು. ಲೆಕ್ಕ."

"ಅಯ್ಯೋ, ನನಗೂ ಲೆಕ್ಕ ಅಂದ್ರೆ ತಲೆ ಸುತ್ತುತ್ತೆ," ಎಂದ ಹೊಸಬ.

ಸುಳ್ಳಲ್ಲ. ಮುಂದಿನ ವಾರದ ಕಿರುಪರೀಕ್ಷೆಯಲ್ಲಿ ಅವನಿಗೆ ಇಪ್ಪತ್ತೈದಕ್ಕೆ ಮೂರು. ಬಡಗಿಯ ಮಗ ಬೆರಳು ಮಡಚಿ ಲೆಕ್ಕ ಹಾಕಿದ. ಈ ಬೃಹಸ್ಪತಿ ಫೇಲಾದರೆ ಮುಂದಿನ ವರ್ಷವೂ ಇಲ್ಲೇ. ಅದೇ ಗಂಟಲು, ಅದೇ ತಲೆ. ತಾನು ಮತ್ತೆ ಮಂಡಿಯೂರಬೇಕು. ಇವನನ್ನು ಶಾಲೆಯಿಂದ ಓಡಿಸಲು ಉಳಿದಿರುವುದು ಒಂದೇ ದಾರಿ, ಪಾಸು ಮಾಡಿಸುವುದು.

ತಾನೂ ಪಾಸಾಗಿಬಿಡಬಹುದೆಂಬ ಭಯ ಅವನ ಕನಸಲ್ಲೂ ಸುಳಿಯಲಿಲ್ಲ.

"ಲೋ, ಸಂಜೆ ನಮ್ಮಪ್ಪನ ಅಂಗಡಿಗೆ ಬಾ. ಲೆಕ್ಕ ಹೇಳ್ಕೊಡ್ತೀನಿ."

"ನೀನಾ?"

"ಯಾಕೆ? ನಿನಗಿಂತ ಎರಡು ವರ್ಷ ಜಾಸ್ತಿ ಓದಿದ್ದೀನಿ ಕಣೋ."

ಹೇಳಿಕೊಡಬೇಕಾದರೆ ಮೊದಲು ತಾನು ಕಲಿಯಬೇಕಲ್ಲ. ಹೊಟ್ಟೆಕಿಚ್ಚು ಮೇಷ್ಟ್ರ ಬೆತ್ತಕ್ಕಿಂತ ಚುರುಕು. ಬಡಗಿಯ ಮಗ ಮುಂಜಾನೆ ಎದ್ದು ಪುಸ್ತಕ ಬಿಚ್ಚಿದ. ಲೆಕ್ಕದ ಮೇಷ್ಟ್ರ ಮನೆಗೇ ಹೋಗಿ ಸಂದೇಹ ಕೇಳಿದ. ಅವರು ಮೊದಲು ಅವನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದರು, ಆಮೇಲೆ ಉತ್ತರ ಹೇಳಿದರು.

ಸಂಜೆಯಾದರೆ ಅಂಗಡಿಯ ಹಲಗೆಗಳ ಮೇಲೆ ಸೀಮೆಸುಣ್ಣ ಓಡುತ್ತಿತ್ತು. ಆ ವರ್ಷ ಊರಲ್ಲಿ ಕೂರಿಸಿದ ಬಾಗಿಲುಗಳ ಹಿಂಬದಿಯಲ್ಲೆಲ್ಲ ಬೀಜಗಣಿತವಿದೆ. ಅನುಮಾನವಿದ್ದವರು ಹೋಗಿ ನೋಡಬಹುದು. ಹೊಸಬನ ತಲೆಯಂತೂ ಉಳಿ ಇಳಿಯದ ಮರ.

"ಅಣ್ಣಾ, ಎರಡನೇ ಸಾಲಲ್ಲಿ ನನ್ನ ತಲೆ ಕೆಟ್ಟೋಯ್ತು. ಇನ್ನೊಂದ್ಸಲ ಮಾಡಿ ತೋರ್ಸು."

ಬಡಗಿಯ ಮಗ ಹಲ್ಲು ಕಚ್ಚಿಕೊಂಡು ಮತ್ತೆ ಮಾಡುತ್ತಿದ್ದ. ನೋಡಿದರೆ ಎರಡನೇ ಸಾಲಲ್ಲಿ ತಾನೇ ತಪ್ಪಿರುತ್ತಿದ್ದ. ಸದ್ಯ, ಈ ದಡ್ಡನಿಗೆ ಗೊತ್ತಾಗಲಿಲ್ಲ ಎಂದುಕೊಂಡು ತಿದ್ದುತ್ತಿದ್ದ.

ಸುದ್ದಿ ದೊಡ್ಡ ಮೇಷ್ಟ್ರ ಕಿವಿಗೂ ಬಿತ್ತು. ಬೆಳಗ್ಗೆ ಎಲ್ಲರೂ ಸಾಲಾಗಿ ನಿಂತಾಗ ಅವನನ್ನು ಮುಂದೆ ಕರೆದರು. "ಕಿರೀಟ ಕಳಕೊಂಡೋನು, ಗೆದ್ದೋನಿಗೇ ಪಾಠ ಹೇಳ್ತಿದ್ದಾನೆ. ಸ್ನೇಹ ಅಂದ್ರೆ ಇದು. ನೋಡಿ ಕಲೀರಿ." ಬಡಗಿಯ ಮಗ ನಾಚಿ ತಲೆ ತಗ್ಗಿಸಿದ. ಓರೆಗಣ್ಣು ಮಾತ್ರ ಹೊಸಬನ ತಲೆಯ ಅಳತೆ ತೆಗೆಯುತ್ತಲೇ ಇತ್ತು.

ವಾರ್ಷಿಕ ಪರೀಕ್ಷೆ ಬಂತು. ಬಡಗಿಯ ಮಗ ಗೊತ್ತಿದ್ದಷ್ಟು ಬರೆದು ಎದ್ದುಬಂದ. ಪ್ರತಿ ವರ್ಷ ಮಾಡುತ್ತಿದ್ದದ್ದೂ ಅಷ್ಟೇ. ಹೊರಗೆ ಹೊಸಬನ ತೋಳು ಹಿಡಿದ.

"ಎಲ್ಲಾ ಬರೆದ್ಯೇನೋ?"

"ಹೂಂ ಅಣ್ಣಾ. ನೀನು?"

"ನನ್ನ ಮಾತು ಬಿಡು."

"ಹಾಗಂದ್ರೆ ಹೇಗೆ? ಆ ಕೊನೇ ಲೆಕ್ಕ?"

"ಬಂತು. ನೂರು ಸಲ ನಿನಗೆ ಮಾಡಿ ತೋರ್ಸಿದ್ದೇ ತಾನೇ?"

ಹೊಸಬ ಅವನನ್ನು ತಬ್ಬಿಕೊಂಡ.

ಫಲಿತಾಂಶದ ದಿನ ಬಡಗಿಯ ಮಗನ ಹೆಸರು ಪಾಸಾದವರ ಪಟ್ಟಿಯಲ್ಲಿತ್ತು. ಲೆಕ್ಕದಲ್ಲಿ ಎಪ್ಪತ್ತೆರಡು. ಅವನು ಲೆಕ್ಕದ ಮೇಷ್ಟ್ರ ಬಳಿ ಓಡಿದ.

"ಸಾರ್, ಇನ್ನೊಂದ್ಸಲ ಕೂಡಿ ನೋಡಿ ಸಾರ್."

"ಮೂರು ಸಲ ಕೂಡಿದ್ದೀವಪ್ಪಾ," ಎಂದರು ಲೆಕ್ಕದ ಮೇಷ್ಟ್ರು. "ನಮಗೂ ನಂಬಿಕೆ ಬರ್ಲಿಲ್ಲ."

ಅಂಗಡಿ ಮುಚ್ಚಿ ಓಡಿಬಂದ ಅಪ್ಪ, ಹುಟ್ಟಿದ ಮೇಲೆ ಮೊದಲ ಬಾರಿಗೆ "ನನ್ನ ದೊರೆ!" ಎಂದು ಮಗನ ಬೆನ್ನು ತಟ್ಟಿದ. ಮಗ ಅಳುವುದನ್ನು ಕಂಡು ಊರೆಲ್ಲ ಆನಂದಬಾಷ್ಪ ಎಂದುಕೊಂಡಿತು. ಹೊಸಬನಿಗೆ ಲೆಕ್ಕದಲ್ಲಿ ಸೊನ್ನೆ. ಇನ್ನೊಂದು ವರ್ಷ ಇಲ್ಲೇ. ಆ ಗಂಟಲೂ, ಆ ಕಿರೀಟವೂ.

ಶಾಲೆ ಬಿಟ್ಟ ಪತ್ರ ತರಲು ಹೋದಾಗ ದೊಡ್ಡ ಮೇಷ್ಟ್ರು ಒಂದು ಲಕೋಟೆ ಒಡೆಯುತ್ತಿದ್ದರು. ಹೊಸಬನ ಹಳೇ ಶಾಲೆಯವರು ವರ್ಷದ ಹಿಂದೆಯೇ ಅಂಚೆಗೆ ಹಾಕಿದ್ದ ಕಾಗದ. ಹೊಸಬನ ಅಪ್ಪನ ಅಂಚೆಕಚೇರಿಯನ್ನು ಅದು ದಾಟಿದ್ದು ಮಾತ್ರ ಇವತ್ತು. ಮೇಷ್ಟ್ರು ಓದಿದರು, ಕನ್ನಡಕ ಒರೆಸಿದರು, ಮತ್ತೆ ಓದಿದರು. ಕಾಗದವನ್ನು ಬಡಗಿಯ ಮಗನ ಕಡೆ ತಳ್ಳಿದರು.

"ನಡತೆ: ಉತ್ತಮ. ನಾಟಕ: ಮೂರು ವರ್ಷವೂ ಪರದೆ ಎಳೆದಿದ್ದಾನೆ. ಲೆಕ್ಕ: ಮೂರು ವರ್ಷವೂ ನೂರಕ್ಕೆ ನೂರು."