ಜಪಾನಿನ ಹಾಡಿಗೆ ಎದ್ದು ನಿಂತ ಶಾಲೆ

ಆ ಹಳೆಯ ಕ್ಯಾಸೆಟ್ಟಿನ ಮುಚ್ಚಳ ತೆರೆದರೆ ಈಗಲೂ ಅತ್ತರಿನ ವಾಸನೆ ಬರುತ್ತದೆ.

ದುಬೈಯಿಂದ ರಜೆಗೆ ಬಂದ ಮಾಮ ಅದನ್ನು ಅತ್ತರಿನ ಬಾಟಲಿಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ತಂದಿದ್ದರು. ಅವರ ಕಂಪೆನಿಯ ಜಪಾನಿ ಇಂಜಿನಿಯರ್ ಕೊಟ್ಟದ್ದಂತೆ. ವೇಣೂರಿನ ನಮ್ಮ ಶಾಲೆಯಲ್ಲಿ ಏಳನೆಯವರ ಬೀಳ್ಕೊಡುಗೆಗೆ ವರ್ಷವೂ ಒಂದೇ ಹಾಡು ಕೇಳಿ ನನಗೂ ಗೆಳತಿ ಪ್ರಮೀಳಾಳಿಗೂ ಸಾಕಾಗಿತ್ತು. ಆ ವರ್ಷ ಏಳನೆ ಮುಗಿಸಿ ಹೊರಡುವವರು ನಾವೇ, ಹಾಗಾಗಿ ಕ್ಯಾಸೆಟ್ಟಿನ ಮೊದಲ ಹಾಡನ್ನೇ ಬಾಯಿಪಾಠ ಮಾಡಿದೆವು. ಅರ್ಥ ಏನೆಂದು ಮಾಮನನ್ನು ಕೇಳಬೇಕೆಂದೂ ತೋಚಲಿಲ್ಲ. ರಾಗ ಅಷ್ಟು ಚೆನ್ನಾಗಿತ್ತು.

ಆ ಮಧ್ಯಾಹ್ನ "ಈಗ ಜಪಾನಿನ ಹಾಡು" ಎಂದು ಹೇಳಿ ನಾವು ಶುರು ಮಾಡಿದ್ದೇ ತಡ, ಮುಂದಿನ ಸಾಲಿನಲ್ಲಿದ್ದ ಹೆಡ್‌ಮಾಸ್ಟ್ರು ಎದ್ದರು. ಬೈಯಲಿಕ್ಕೇ ಎದ್ದರು ಅಂದುಕೊಂಡೆ. ಅವರು ಕೈ ನೇರ ಮಾಡಿ ಅಲುಗದೆ ನಿಂತರು. ಅವರನ್ನು ನೋಡಿ ಟೀಚರುಗಳು ನಿಂತರು, ಮಕ್ಕಳು ನಿಂತರು, ಪಾಯಸ ತಂದಿದ್ದ ಅಡುಗೆಯ ಕಮಲಕ್ಕ ಸೌಟು ಹಿಡಿದುಕೊಂಡೇ ನಿಂತರು. ನಗು ತಡೆಯಲಾಗದೆ ಪ್ರಮೀಳಾ ನನ್ನ ಕೈ ಚಿವುಟುತ್ತಿದ್ದಳು.

ಹಾಡು ಮುಗಿದಾಗ ಹೆಡ್‌ಮಾಸ್ಟ್ರು ನಮ್ಮ ಹಾಡು ಕೇಳಲೆಂದು ಬಂದು ಹಿಂದಿನ ಸಾಲಿನಲ್ಲಿದ್ದ ಮಾಮನ ಕಡೆ ತಿರುಗಿದರು. "ಅವರ ರಾಷ್ಟ್ರಗೀತೆ ಭಾರೀ ಒಳ್ಳೆದುಂಟಲ್ಲ?"

"ರಾಷ್ಟ್ರಗೀತೆ ಅಲ್ಲ ಸರ್," ಮಾಮ ನಗುತ್ತಾ ಹೇಳಿದರು. "ಅಲ್ಲಿ ಶಾಲೆ ಮುಗಿಸಿ ಹೋಗುವ ಮಕ್ಕಳು ಹಾಡುವುದಂತೆ ಇದನ್ನು."

ಕಮಲಕ್ಕನೇ ಮೊದಲು ಗೊಳ್ಳೆಂದು ನಕ್ಕರು. ಆಮೇಲೆ ಇಡೀ ಸಭೆ ನಕ್ಕು ಕೂರತೊಡಗಿತು. ಹೆಡ್‌ಮಾಸ್ಟ್ರು ಮಾತ್ರ ಕೂರದೆ ನಮ್ಮಿಬ್ಬರನ್ನು ನೋಡಿದರು.

"ಹಾಗಾದ್ರೆ ನಾವು ನಿಂತದ್ದು ಸರಿಯೇ ಆಯ್ತು," ಎಂದರು. "ಇನ್ನೊಮ್ಮೆ ಹಾಡಿ ಮಕ್ಕಳೇ. ಯಾರೂ ಕೂರುವುದು ಬೇಡ."