ಗಲ್ಲದ ಮೇಲಿನ ನೊರೆ

ಫಕೀರಪ್ಪ ಸೋಪು ಹಚ್ಚಿ ಕ್ಷೌರದ ಕತ್ತಿ ಎತ್ತುವಷ್ಟರಲ್ಲಿ, ಕುರ್ಚಿಯಲ್ಲಿದ್ದ ಬಳೆಗಾರ ಖಾಜಾಸಾಬನ ಬಾಯಿ ಒಂದು ಬದಿಗೆ ಜಾರಿತು, ಎಡಗೈ ಜೋತುಬಿತ್ತು. ಫಕೀರಪ್ಪ ಅವನನ್ನು ಎದುರಿಗಿದ್ದ ಟಂಟಂ ಆಟೋಗೆ ಎತ್ತಿ ಹಾಕಿ, ಡ್ರೈವರನ ಹಿಂದೆ ತಾನೂ ಹತ್ತಿ ಕೂಗಿದ: "ಸಾಬಗ ಲಕ್ವಾ ಹೊಡದೈತಿ! ನಿಮಿಷ ಕೊಡ್ರೆಪ್ಪೋ!"

ಆ ಸೀಮೆಯಲ್ಲಿ ಇದು ರೂಢಿ. ಕೊಟ್ಟವರು ಒಂದು ನಿಮಿಷ ಕಲ್ಲಾಗಿ ನಿಲ್ಲುತ್ತಾರೆ. ಅಷ್ಟು ಹೊತ್ತು ರೋಗಿಯ ಪಾಲಿಗೆ ಕಳೆಯುವುದೇ ಇಲ್ಲ. ಮಿರ್ಚಿ ಕರಿಯುತ್ತಿದ್ದ ಗೌರವ್ವ ಕೈ ಎತ್ತಿದಂತೆಯೇ ನಿಂತಳು; ಮಿರ್ಚಿ ಕರಕಲಾದವು. ಸೀರೆ ಹಿಂಡುತ್ತಿದ್ದವಳ ಬೆರಳ ತುದಿಯಲ್ಲಿ ಹನಿಯೊಂದು ಬೀಳದೆ ತೂಗಿತು. ಕೂಗು ಹಾದಿಗುಂಟ ಮುಂದೆ ಹೋಯಿತು. ಒಬ್ಬರು ಕದಲಿದ ಕೂಡಲೇ ಇನ್ನೊಬ್ಬರು ನಿಂತರು.

ಆಸ್ಪತ್ರೆಗೆ ಮೂವತ್ತು ಮೈಲಿ. ಕೊನೆಯ ಮೂರು ಮೈಲಿ ಬರೀ ಎರೆಹೊಲ, ನರಪಿಳ್ಳೆಯಿಲ್ಲ. ಗಿರಾಕಿ ತುಸು ಅಲುಗಿದರೂ ಸಿಡುಕುವ ಫಕೀರಪ್ಪ ಅಲ್ಲಿ ತನ್ನದನ್ನೇ ಕೊಟ್ಟ. ಒಂದಲ್ಲ, ಎಂಟು ನಿಮಿಷ.

ಅವನು ಕದಲಿದಾಗ ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಕೇಳುತ್ತಿದ್ದರು: "ಲಕ್ವಾ ಹೊಡದು ಎಷ್ಟೊತ್ತಾತು?"

ಫಕೀರಪ್ಪ ಖಾಜಾಸಾಬನ ಗಲ್ಲ ತೋರಿಸಿದ.

"ಸೋಪಿನ ನೊರೆ ಇನ್ನೂ ಆರಿಲ್ಲ, ನೋಡ್ರಿ."